ಎದೆಗೆ ಬಡಿಯದ ಇಯರ್‌ಫೋನು

ಮೊನ್ನೆ ನನ್ನ ಇಯರ್‌ಫೋನಿನ ಎಡಭಾಗ ಸತ್ತಿತು. ಇಂಥ ಸಾವು ಹೆಚ್ಚಾಗಿ ಪಿನ್ನಿನ ಬುಡದಲ್ಲೇ ಸಂಭವಿಸುತ್ತದೆಂಬುದು ಬಳಸುವವರಿಗೆಲ್ಲ ಗೊತ್ತು. ವೈರನ್ನು ಯಾವುದೋ ಒಂದು ಕೋನಕ್ಕೆ ಬಾಗಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ತಬಲಾ ಮರಳಿ ಬರುತ್ತದೆ, ಸೀನಿದರೆ ಹೊರಟುಹೋಗುತ್ತದೆ. ಹೆಬ್ಬೆರಳು ಜೋಮು ಹಿಡಿಯತೊಡಗಿದ ಮೇಲೆ, ಹೊಸದನ್ನು ಕೊಳ್ಳಲೆಂದು ರಾಯಚೂರಿನ ತೀನ್ ಕಂದೀಲಿನ ಕಡೆ ಹೊರಟೆ.

ನನ್ನದು ಹಳೆಯ ಪುಟ್ಟ ಪ್ಲೇಯರು. ಅದಕ್ಕೆ ಬ್ಲೂಟೂತ್ ತಿಳಿಯದು, 3.5 ಮಿಲಿಮೀಟರಿನ ದುಂಡನೆಯ ತೂತೊಂದೇ ಅದರ ಬಾಯಿ. 2016ರಲ್ಲಿ ಆ್ಯಪಲ್ ಕಂಪನಿ ಐಫೋನ್ 7ರಲ್ಲಿ ಆ ತೂತನ್ನೇ ತೆಗೆದುಹಾಕಿತು. ಮುಂದೆ ಉಳಿದ ಕಂಪನಿಗಳು ಅನೇಕವು ಅದೇ ದಾರಿ ಹಿಡಿದವು. ಅಂದಿನಿಂದ ವೈರಿನ ಇಯರ್‌ಫೋನು ಕೇಳಿದವರನ್ನು ಅಂಗಡಿಯವರು ಮೊದಲು ಕನಿಕರದಿಂದ ನೋಡಿ, ಆಮೇಲೆ ಬಗ್ಗಿ ಎಲ್ಲಕ್ಕಿಂತ ಕೆಳಗಿನ ಖಾನೆಯನ್ನು ಎಳೆಯುತ್ತಾರೆ.

ಆ ಖಾನೆಯಿಂದ ಹೊರಬಂದ ಡಬ್ಬಿಗಳ ಮೇಲೆ ಎಕ್ಸ್‌ಟ್ರಾ ಬೇಸ್, ಸೂಪರ್ ಬೇಸ್, ಡೀಪ್ ಬೇಸ್ ಎಂದೆಲ್ಲ ಅಚ್ಚಾಗಿತ್ತು. ಬೇಸ್ ಎಂದರೆ ಕೆಳಗಿನ, ಗುಡುಗುವ ಸದ್ದು. ಎಕ್ಸ್‌ಟ್ರಾ ಎಂಬುದು ಇದ್ದ ಮೇಲೆ ಸಾಧಾರಣ ಬೇಸಿನದೂ ಒಂದಿರಬೇಕಲ್ಲವೇ ಎಂದು ಕೇಳಿದರೆ, "ಅದು ಬರೋದು ಬಂದ್ ಆಗ್ಯದ್ರಿ ಸರ" ಎಂಬ ಉತ್ತರ ಸಿಕ್ಕಿತು. ಎಲ್ಲ ಡಬ್ಬಿಗಳ ಬೆನ್ನಿಗೂ 20ರಿಂದ 20,000 ಹರ್ಟ್ಸ್ ಎಂಬ ಒಂದೇ ಒಕ್ಕಣೆ. ಮನುಷ್ಯನ ಕಿವಿಗೆ ಎಟಕುವ ವ್ಯಾಪ್ತಿ ಸುಮಾರು ಅಷ್ಟೇ. ಅದರೊಳಗೆ ಯಾವ ಸದ್ದನ್ನು ಎಷ್ಟು ಉಬ್ಬಿಸಿದ್ದಾರೆ, ಯಾವುದನ್ನು ಅದುಮಿದ್ದಾರೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಮೇಲಾಗಿ ವಯಸ್ಸಾದಂತೆ ಮೇಲುಗಡೆಯ ಸದ್ದುಗಳೇ ಮೊದಲು ಕೈಬಿಡುವುದರಿಂದ, ನಾನು ಹಣ ತೆರುವ ಇಪ್ಪತ್ತು ಸಾವಿರದಲ್ಲಿ ಕೆಲವು ಸಾವಿರ ನನಗೆ ದಕ್ಕುವುದೇ ಇಲ್ಲ. ಅದಕ್ಕೇನಾದರೂ ರಿಯಾಯಿತಿ ಉಂಟೇ ಎಂದು ಕೇಳುವ ಮನಸ್ಸಾಗಿತ್ತು.

ಇನ್ನು ಅಂಗಡಿಯ ತರುಣನ ಪರೀಕ್ಷಾ ವಿಧಾನವನ್ನು ಹೇಳಲೇಬೇಕು. ಬಂದವರು ಯಾರೇ ಆಗಿರಲಿ, ಅವನು ಇಯರ್‌ಫೋನನ್ನು ತನ್ನ ಫೋನಿಗೆ ಚುಚ್ಚಿ, ಗಣಪತಿ ಮೆರವಣಿಗೆಯಲ್ಲಿ ಬಾರಿಸುವಂಥ ಒಂದೇ ಡಿಜೆ ಹಾಡನ್ನು ಪೂರ್ತಿ ಜೋರಿಗಿಟ್ಟು, ಗಿರಾಕಿಯ ಕಿವಿಗೆ ತಾನೇ ತುರುಕುತ್ತಾನೆ. ಬಳಿಕ ಗಿರಾಕಿಯ ಮುಖವನ್ನಲ್ಲ, ತಲೆಯನ್ನು ನೋಡುತ್ತಾ ನಿಲ್ಲುತ್ತಾನೆ. ತಲೆ ಅಲ್ಲಾಡಿತೋ, ವ್ಯಾಪಾರ ಕುದುರಿತು. "ಎದಿಗಿ ಬಡೀತದಿಲ್ರಿ ಸರ?" ಎಂದು ಅವನು ಕೇಳಿದ. ಬಡಿಯುತ್ತಿತ್ತು. ಹಾಡು ಎದೆಗೆ ಬಡಿಯಲೇಬೇಕೆಂಬ ನಿಯಮ ಎಂದಿನಿಂದ ಜಾರಿಗೆ ಬಂದಿತೆಂದು ತಿಳಿಯದೆ, ನನ್ನ ಪ್ಲೇಯರಿನಲ್ಲೇ ಪರೀಕ್ಷಿಸುತ್ತೇನೆಂದೆ. ಅವನು ಉದಾರವಾಗಿ ಒಪ್ಪಿ, ಒಂದು ತುದಿಯನ್ನು ತನ್ನ ಕಿವಿಗೇ ಇಟ್ಟುಕೊಂಡ.

ನಾನು ಹಾಕಿದ್ದು ಗಂಗೂಬಾಯಿ ಹಾನಗಲ್ ಅವರ ವಿಲಂಬಿತ ಏಕತಾಲದ ಖಯಾಲು, ಅಂದರೆ ತೀರ ನಿಧಾನಗತಿಯ ಹಿಂದೂಸ್ತಾನಿ ಗಾಯನ. ಮೊದಲಿಗೆ ತಂಬೂರಿ ಮಾತ್ರ. ತುಸು ಹೊತ್ತು ಕಾದು, ತರುಣ ಪ್ಲೇಯರನ್ನು ಮೆಲ್ಲಗೆ ತಟ್ಟಿ, "ನೆಟ್‌ವರ್ಕ್ ಇಲ್ಲೇನ್ರಿ? ಲೋಡ್ ಆಗವಲ್ದು" ಎಂದ. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಸ್ವಲ್ಪ ಸಮಾಧಾನ ಬೇಕು ಎಂದೆ. ಅಷ್ಟರಲ್ಲಿ ಗಂಗೂಬಾಯಿಯವರ ಆ ಗಂಭೀರ ಕಂಠ ಎದ್ದಿತು. ತರುಣನ ಮುಖ ಅರಳಿತು. "ಬೇಸ್ ಹ್ಯಾಂಗ ಬಂತು ನೋಡ್ರಿ!" ಅದು ಇಯರ್‌ಫೋನಿನ ಬೇಸಲ್ಲ, ಹಾಡುವವರ ಗಂಟಲು ಎಂದು ವಿವರಿಸಿದೆ. "ಗಂಟಲ ಯಾರದರೆ ಇರ್ಲಿ ಸರ, ಬಂದಿದ್ದು ನಮ್ಮ ಪೀಸಿನಾಗ ಹೌದಲ್ರಿ?" ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವನ ಕಣ್ಣು ಮತ್ತೆ ನನ್ನ ತಲೆಯ ಮೇಲೆ ನೆಟ್ಟಿತು. ವಿಲಂಬಿತದಲ್ಲಿ ಹನ್ನೆರಡು ಮಾತ್ರೆಗಳ, ಅಂದರೆ ತಾಳದ ಹನ್ನೆರಡು ಎಣಿಕೆಗಳ, ಒಂದು ಆವರ್ತನ ಮುಗಿಯಲು ಒಮ್ಮೊಮ್ಮೆ ಹತ್ತಿರ ಹತ್ತಿರ ಒಂದು ನಿಮಿಷವೇ ಹಿಡಿಯುವುದುಂಟು. ಕೇಳುವವನ ತಲೆ ಅಲ್ಲಾಡುವುದು ಆವರ್ತನ ಸುತ್ತಿ ಮತ್ತೆ ಮೊದಲ ಮಾತ್ರೆಗೆ, ಅಂದರೆ ಸಮಕ್ಕೆ, ಬಂದಾಗ. ಅಷ್ಟು ಹೊತ್ತು ಅವನು ಕಣ್ಣು ಮಿಟುಕಿಸದೆ ಕಾದ. ಅವನ ಹಿಂದೆ ಸ್ಕ್ರೀನ್ ಗಾರ್ಡ್ ಹಾಕಿಸಲು ಬಂದ ಇಬ್ಬರು ಹುಡುಗರೂ ಏನೋ ಆಗಲಿದೆಯೆಂದು ನನ್ನ ತಲೆಯನ್ನೇ ನೋಡತೊಡಗಿದರು. ಸಮ ಬಂತು, ತಲೆ ತಾನಾಗಿ ಅಲ್ಲಾಡಿತು. ಅವನು ತಕ್ಷಣ ಬಿಲ್ ಪುಸ್ತಕಕ್ಕೆ ಕೈಹಾಕಿದ.

ನಿಜ ಹೇಳಬೇಕೆಂದರೆ ಆ ಇಯರ್‌ಫೋನಿನಲ್ಲಿ ತಬಲಾದ ಎಡಗೈ ಊದಿಕೊಂಡು, ಗಾಯಕಿ ಅದರ ಹಿಂದೆಲ್ಲೋ ನಿಂತು ಹಾಡಿದಂತಿತ್ತು. ಕೆಳಗಿನ ಸದ್ದನ್ನೂ ಮೇಲಿನ ಸದ್ದನ್ನೂ ಏರಿಸಿ ನಡುವಿನದನ್ನು ತಗ್ಗಿಸುವುದು ಇಂಥ ಮಾಲಿನ ಪದ್ಧತಿ. ಮನುಷ್ಯನ ದನಿ ನೆಲೆಸಿರುವುದು ಹೆಚ್ಚಾಗಿ ಆ ನಡುವಿನಲ್ಲೇ. ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿರುವ ಊರಿನಲ್ಲಿ, ಅವರು ಹಾಡಿದ ವಚನದ ಒಂದೊಂದು ಅಕ್ಷರವೂ ಬಿಡಿಸಿ ಕೇಳುವಂಥ ಇಯರ್‌ಫೋನು ಸಿಗದೆಂದರೆ ಸಿಟ್ಟು ಬಾರದೇ?

ರಬ್ಬರಿನ ಸಮಸ್ಯೆ ಬೇರೆ. ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಕೊಡುತ್ತಾರೆ. ನನ್ನ ಎಡಗಿವಿ ಸಣ್ಣದು, ಬಲಗಿವಿ ಮಧ್ಯಮ. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಕೆಳಗಿನ ಸದ್ದು ಸೋರಿಹೋಗುತ್ತದೆ, ಮತ್ತು ನಮ್ಮ ಏಪ್ರಿಲ್ ತಿಂಗಳ ಬೆವರಿನಲ್ಲಿ ಯಾವ ರಬ್ಬರೂ ಕೂರುವುದಿಲ್ಲ. ಬಿಗಿಯಾಗಿ ಕೂತರೆ ಟಂಟಂ ಗಾಡಿಯ ಹಾರ್ನು ಕೇಳುವುದಿಲ್ಲ, ವೈರು ಅಂಗಿಯ ಗುಂಡಿಗೆ ಉಜ್ಜಿದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಕಿವಿಗಿಟ್ಟುಕೊಂಡೇ ಮಂಡಾಳು ಒಗ್ಗರಣೆ ತಿಂದರಂತೂ ತಲೆಯೊಳಗೆ ರೈಸ್ ಮಿಲ್ಲು ಶುರುವಾದಂತೆ.

ಕಡೆಗೆ ಖಾನೆಯ ಮೂಲೆಯಲ್ಲಿ ಡಬ್ಬಿಯೂ ಇಲ್ಲದ, ಬರೀ ಪ್ಲಾಸ್ಟಿಕ್ ಕೊಟ್ಟೆಯಲ್ಲಿದ್ದ ಒಂದು ಸಿಕ್ಕಿತು. ಅದನ್ನು ತೋರಿಸಲು ತರುಣನಿಗೇ ನಾಚಿಕೆ. "ಅದು ಪದ ಕೇಳಾಕಲ್ರಿ ಸರ, ಕಾಲ್‌ನಾಗ ಮಾತಾಡಾಕ." ಹಾಕಿ ನೋಡಿದೆ. ಗಂಗೂಬಾಯಿ ಮುಂದೆ ಬಂದು ಕೂತರು, ತಬಲಾ ಪಕ್ಕಕ್ಕೆ ಸರಿಯಿತು, ತಂಬೂರಿಯ ತಂತಿಗಳು ಬೇರೆ ಬೇರೆಯಾಗಿ ಕೇಳಿಸಿದವು. ಕೊಂಡೆ. ತರುಣ ಬಿಲ್ಲಿನ ಅಡಿಯಲ್ಲಿ "ಬೇಸ್ ಇಲ್ಲ, ವಾಪಸ್ ಇಲ್ಲ" ಎಂದು ಬರೆದು, ಎರಡು ಗೆರೆ ಎಳೆದು, ನನ್ನಿಂದ ಸಹಿ ಮಾಡಿಸಿಕೊಂಡ.

ಮರುದಿನ ಸಿಂಧನೂರಿನ ಬಸ್ಸಿನಲ್ಲಿ ಅದನ್ನೇ ಕೇಳುತ್ತಾ ಕೂತಿದ್ದೆ. ಒಂದು ತಾನ್ ಎಷ್ಟು ಸೊಗಸಾಗಿ ಬಂತೆಂದರೆ "ವಾಹ್!" ಎಂದು ಬಾಯಿಂದ ಹೊರಟೇಹೋಯಿತು. ಪಕ್ಕದ ಹಿರಿಯರು ಆಗ, ಎಡದಂಡೆ ಕಾಲುವೆಯ ಕೆಳಭಾಗಕ್ಕೆ ನೀರು ತಲುಪದೆ ಭತ್ತ ಒಣಗಿದ್ದನ್ನು ನನಗೇ ಹೇಳುತ್ತಿದ್ದರಂತೆ. ಅವರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ನಮ್ಮ ಮನೆಯ ಟೇಪ್‌ರೆಕಾರ್ಡರಿಗೆ ಇದ್ದದ್ದು ಒಂದೇ ಸ್ಪೀಕರು, ಅದೂ ಗೊರಗೊರ ಎನ್ನುತ್ತಿತ್ತು. ಆದರೆ ಪಡಸಾಲೆಯಲ್ಲಿ ಅಪ್ಪ ವಾಹ್ ಎಂದರೆ ಅಡುಗೆಮನೆಯಲ್ಲಿ ಅವ್ವನ ಲಟ್ಟಣಿಗೆ ನಿಲ್ಲುತ್ತಿತ್ತು, ಗೋಡೆಯಾಚೆಯ ಮನೆಯವರು "ಇನ್ನಷ್ಟು ಜೋರು ಇಡ್ರಿ" ಎನ್ನುತ್ತಿದ್ದರು. ಈಗ ಇಷ್ಟು ಆರಿಸಿ ತಂದ ಮೇಲೆ, ವಾಹ್ ಎನ್ನಲು ಜೊತೆಗೆ ಯಾರಿದ್ದಾರೆ?

ಸಮಜಾಯಿಷಿ ಹೇಳುವ ಬದಲು ಒಂದು ತುದಿಯನ್ನು ಹಿರಿಯರಿಗೇ ಕೊಟ್ಟೆ. ಅವರು ರುಮಾಲು ಸರಿಸಿ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಮೊಣಕಾಲಿನ ಮೇಲೆ ಬೆರಳು ಮೆಲ್ಲಗೆ ಬೀಳತೊಡಗಿತು. ಇಬ್ಬರೂ ಸಮಕ್ಕೆ ಕಾಯುತ್ತಿದ್ದೆವು. ಇನ್ನೆರಡು ಮಾತ್ರೆ ಇರುವಾಗ ಮಾನ್ವಿ ಬಂತು. ಹಿರಿಯರು ಕಿವಿಯಿಂದ ತೆಗೆದದ್ದನ್ನು ಧೋತರದ ಅಂಚಿಗೆ ಒರೆಸಿ ನನ್ನ ಕೈಗಿಟ್ಟು, "ಇದು ಜಲ್ದಿ ಮುಗಿಯಂಗ ಕಾಣಂಗಿಲ್ಲ, ನೀವ ಕೇಳ್ರಿ" ಎಂದು ಇಳಿದುಹೋದರು.