ಮೀನಿನ ವಾರಿಗೆ ರಸ್ತೆ ಬಂದ್

ಪುಣೆಯಲ್ಲಿ ನದಿಗೆ ಅಲಂಕಾರ ನಡೆದಿದೆ. ಹೊಳೆಯ 44 ಕಿ.ಮೀ. ಉದ್ದಕ್ಕೂ ದಂಡೆ, 4,700 ಕೋಟಿಗೂ ಹೆಚ್ಚು ಖರ್ಚು. ನೀವೂ ಆ ಯೋಜನೆಯ ಚಿತ್ರ ನೋಡಿರುತ್ತೀರಿ: ಸೈಕಲ್ ಹುಡುಗ, ಬಲೂನು, ನೀಲಿ ನೀರು. ಮೀನು ಮಾತ್ರ ಇಲ್ಲ. ಚಿತ್ರ ಬರೆದವ ಪ್ರಾಮಾಣಿಕ.

ಮೀನಿಗೂ ಈ ಊರಿಗೂ ಹಳೇ ನಂಟು. ಇದೇ ಮುಳಾ-ಮುಠಾ ನದಿಯ ಮಹಶೀರ್ ಮೀನಿಗೆ ಊರವರು ಕರೆಯುತ್ತಿದ್ದ ‘ಖುದ್ರಿ’ ಹೆಸರನ್ನೇ 1839ರಲ್ಲಿ ಬ್ರಿಟಿಷ್ ಅಧಿಕಾರಿ ಕರ್ನಲ್ ಸೈಕ್ಸ್ ಅದರ ಶಾಸ್ತ್ರೀಯ ಹೆಸರಿಗೆ ಸೇರಿಸಿದ. ನಾಮಕರಣವಾಗಿ ನಲವತ್ತು ವರ್ಷಕ್ಕೆ ಖಡಕ್‌ವಾಸಲಾ ಅಣೆಕಟ್ಟು ಉಡುಗೊರೆ.

ಆಷಾಢದಲ್ಲಿ ವಾರಿ, ಅಂದರೆ ಪಂಢರಪುರಕ್ಕೆ ಕಾಲ್ನಡಿಗೆ ಯಾತ್ರೆ ಹೊರಟ ಪಾಲಖಿ ಬಂದರೆ ನಾವು ರಸ್ತೆ ಬಿಡುತ್ತೇವೆ, ಬಾಳೆಹಣ್ಣು ಹಂಚುತ್ತೇವೆ, ವಾರಕರಿಗಳ ಕಾಲು ಒತ್ತುತ್ತೇವೆ. ಅದೇ ಮಳೆಯಲ್ಲಿ ಮಹಶೀರ್‌ಗೂ ವಾರಿ. ಹೊಸ ನೀರು ಬಂದದ್ದೇ ಮೊಟ್ಟೆಯಿಡಲು ಸೆಳವಿಗೆದುರು ಹತ್ತಬೇಕು. ಹತ್ತಿದರೆ ಗೋಡೆ. ಹಾವುಮೀನಿನದು ಉಲ್ಟಾ ಪ್ರಯಾಣ, ಮೊಟ್ಟೆಯಿಡಲು ಸಮುದ್ರಕ್ಕೇ ಹೋಗಬೇಕು. ಭೀಮಾ, ಕೃಷ್ಣಾ ಹಿಡಿದು ಹೋಗುವ ದಾರಿಯಲ್ಲಿ ಒಡ್ಡುಗಳ ಸಾಲು: ಉಜನಿ, ನಮ್ಮ ಅಫಜಲಪುರ ಕಡೆಯ ಸೊನ್ನ, ಆಮೇಲೆ ಸನ್ನತಿ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ. ಮರಿಗಳು ಇಷ್ಟನ್ನೂ ಹತ್ತಿ ವಾಪಸ್ ಬರಬೇಕು. ಕಲಬುರಗಿಗೆ ಟಿಕೆಟ್ ಕನ್ಫರ್ಮ್ ಆಗಲಿಲ್ಲ ಅಂತ ಗೊಣಗುತ್ತಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಹಾಗಂತ ಮೀನನ್ನು ನಾವು ಕೈಬಿಟ್ಟಿಲ್ಲ. ಲೋಣಾವಳದ ವಾಲ್ವಣ್ ಕೆರೆ ದಂಡೆಯಲ್ಲಿ ಖುದ್ರಿಗೆಂದೇ ಹೆರಿಗೆ ಆಸ್ಪತ್ರೆ ಇದೆ, ತತ್ತಿ ಹಿಂಡಿ ಮರಿ ಮಾಡುತ್ತಾರೆ. ತನ್ನ ಹೊಳೆ ಹತ್ತಲಾಗದ ಮೀನಿನ ಮಕ್ಕಳು ಕಾವೇರಿ ತನಕ ಸವಾರಿ ಹೋದವು! ಅಲ್ಲಿ ಎಷ್ಟು ಚೆನ್ನಾಗಿ ಸಂಸಾರ ಹೂಡಿದವೆಂದರೆ, ಕಾವೇರಿಯ ಸ್ವಂತ ಕಿತ್ತಳೆ ರೆಕ್ಕೆಯ ಮಹಶೀರ್ ಮೂಲೆಗೆ ಸರಿದು, 2018ರಲ್ಲಿ ತೀವ್ರ ಅಪಾಯದ ಪಟ್ಟಿ ಸೇರಿತು. ಕಾವೇರಿ ನೀರು ಒಂದು ಟಿಎಂಸಿ ಅತ್ತಿತ್ತ ಆದರೆ ಬಸ್ ನಿಲ್ಲಿಸುವ ನಾವು ಮೀನಿನ ವಿಷಯಕ್ಕೆ ಒಂದು ಬಂದ್ ಕೂಡ ಕರೆಯಲಿಲ್ಲ.

ಇರಲಿ, ನಗುವುದಕ್ಕೂ ಈಗ ಬೇಜಾರು. ಒಡ್ಡು ಕಟ್ಟುವಾಗ ಒಂದು ಬದಿಯಲ್ಲಿ ಮೀನು ಹತ್ತುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಬಿಡುವುದು ರಾಕೆಟ್ ವಿದ್ಯೆಯಲ್ಲ. ಬೇರೆ ದೇಶಗಳಲ್ಲಿ ನೂರು ವರ್ಷದಿಂದ ಮಾಡುತ್ತಿದ್ದಾರೆ. ನಮಗೆ ಬೇಡ ಅನ್ನಿಸಿತು, ಅಷ್ಟೇ. ಕೊಳಚೆ ಬಿಡುತ್ತೇವೆ, ಸತ್ತ ಮೀನು ತೇಲಿದರೆ ಮೂಗು ಮುಚ್ಚಿಕೊಂಡು ಫೋಟೊ ತೆಗೆಯುತ್ತೇವೆ, ಮರುದಿನ ಕಾಂಕ್ರೀಟು ಸುರಿಯುತ್ತೇವೆ.

ಹೊಸ ದಂಡೆಗೆ ಮೆಟ್ಟಿಲು ಕಟ್ಟಿಲ್ಲವೆಂದಲ್ಲ. ಕಟ್ಟಿದ್ದಾರೆ, ಸಾಲಾಗಿ, ಚೆಂದವಾಗಿ. ಸೆಲ್ಫಿಗೆ ಕೂರಲು.