ಸ್ಪಷ್ಟನೆ: ಬೆಳ್ಳಿ ನಾಣ್ಯದಿಂದ ಮೀನಿನ ವಿಷ ಗೊತ್ತಾಗುವುದಿಲ್ಲ

ಹಾಯಿದೋಣಿಯಲ್ಲಿ ಫ್ರೆಂಚ್ ಪಾಲಿನೇಷ್ಯಾ ಸುತ್ತುವವರು ಹವಳದ ದಿಬ್ಬದ ಮೀನನ್ನು ಬೆಳ್ಳಿ ನಾಣ್ಯ ಹಾಕಿ ಬೇಯಿಸಬೇಕು, ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಹಿಂದೆ ನಾನೂ ಇದನ್ನು ಹಂಚಿದ್ದೆ, ಕ್ಷಮಿಸಿ.

ದಿಬ್ಬದ ಮೀನಿನಲ್ಲಿರಬಹುದಾದ ಸಿಗ್ವಟೆರಾ ಎಂಬ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಬೇಯಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ ಅದು ಹೋಗುವುದಿಲ್ಲ. ಅದರ ಮೂಲ ಗ್ಯಾಂಬಿಯರ್‌ಡಿಸ್ಕಸ್ ಎಂಬ, ಪಾಚಿಗೆ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿ. ಫ್ರೆಂಚ್ ಪಾಲಿನೇಷ್ಯಾದ್ದೇ ಆದ ಗ್ಯಾಂಬಿಯರ್ ದ್ವೀಪಗಳಿಂದ ಬಂದ ಹೆಸರು. ಪಾಚಿ ಮೇಯುವ ಸಣ್ಣ ಮೀನಿನಿಂದ ಅದನ್ನು ತಿನ್ನುವ ದೊಡ್ಡ ಮೀನಿಗೆ ಸೇರುತ್ತಾ ವಿಷದ ಪ್ರಮಾಣ ಹೆಚ್ಚುತ್ತದೆ. ಹಾಗಾಗಿ ದಿಬ್ಬದ ದೊಡ್ಡ ಬರಾಕುಡಾ, ಮೊರೇ ಹಾವುಮೀನು ಬೇಡವೇ ಬೇಡ. ಉಳಿದ ಮೀನಿನ ವಿಷಯಕ್ಕೆ ಲಂಗರು ಹಾಕಿದ ಊರಿನ ಮೀನುಗಾರರನ್ನು ಕೇಳಿ. ತಿಂದಮೇಲೆ ತಣ್ಣೀರು ಮುಟ್ಟಿದರೆ ಸುಟ್ಟಂತಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.