ಲ್ಯಾಪ್‌ಟಾಪ್ ತೆರೆದಿದ್ದೇ ನನ್ನ ತಪ್ಪಂತೆ!

ಸರ್ವಿಸ್ ಸೆಂಟರ್‌ನಿಂದ ಈಗಷ್ಟೇ ಬಂದೆ. ತಲೆ ಕೆಟ್ಟಿದೆ. ಮಗಳ ಲ್ಯಾಪ್‌ಟಾಪಿನ ಹಿಂಜ್ (ಸ್ಕ್ರೀನನ್ನು ಕೆಳಭಾಗಕ್ಕೆ ಸೇರಿಸೋ ಕೀಲು) ಕಿತ್ತು ಬಂದಿದೆ, ತೆರೆದರೆ ಒಂದು ಮೂಲೆ ಬಾಯಿ ಬಿಡುತ್ತೆ. "ಫಿಸಿಕಲ್ ಡ್ಯಾಮೇಜ್ ಸರ್, ವಾರಂಟಿಗೆ ಬರಲ್ಲ" ಅಂದ್ರು. ಕಂಪನಿ ಹೆಸರು ಬರೆಯಲ್ಲ, ನಮ್ಮ ಅಂಗಡಿಗೆ ಬಂದು ಹೋದವರಿಗೆ ಗೊತ್ತೇ ಇದೆ. ಡಿಟಿಪಿ ಶುರು ಮಾಡಿದಾಗಿನ ಡೆಸ್ಕ್‌ಟಾಪಿಂದ ಹಿಡಿದು ಇಲ್ಲಿವರೆಗೆ ಎಲ್ಲಾ ಅವರದೇ. ನೆಂಟರಿಷ್ಟರಿಗೆಲ್ಲ "ಅದನ್ನೇ ತಗೊಳ್ಳಿ" ಅಂತ ಸಾರಿಕೊಂಡು ಬಂದ ಬಿಟ್ಟಿ ಸೇಲ್ಸ್‌ಮನ್ ನಾನು.

ಬಿಚ್ಚಿ ನೋಡಿದೆ. ಹಿಂಜ್ ಉಕ್ಕಿನದು, ಕಲ್ಲಿನ ಹಾಗಿದೆ. ಅದರ ಸ್ಕ್ರೂ ಕೂರೋದು ಹಿತ್ತಾಳೆಯ ಪುಟ್ಟ ನಟ್ಟಿಗೆ, ಆ ನಟ್ಟನ್ನು ಹಿಡಿದಿರೋದು ಬರೀ ಪ್ಲಾಸ್ಟಿಕ್. ಪ್ರತಿ ಸಲ ತೆರೆದಾಗಲೂ ಎಳೆತವೆಲ್ಲ ಪ್ಲಾಸ್ಟಿಕ್ ಮೇಲೆ. ಒಂದು ದಿನ ನಟ್ ಸಮೇತ ಕಿತ್ತು ಬರುತ್ತೆ. ಕೆಳಗೆ ಬಿದ್ದಿದ್ರೆ ಎಲ್ಲಾದ್ರೂ ಜಜ್ಜಿರಬೇಕಲ್ಲ? ಒಂದು ಗೀರೂ ಇಲ್ಲ. ಮುಚ್ಚಿಟ್ಟು ಕುಂಕುಮ ಹಚ್ಚಿ ಪೂಜೆ ಮಾಡಬೇಕಿತ್ತೇನೋ!

ಇದೇ ಕಂಪನಿಯ ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲಿದೆ. ಕೆಳಗಿನ ಲಾಕ್ ಸರಿಸಿದ್ರೆ ಬ್ಯಾಟರಿ ಕೈಗೆ ಬರುತ್ತೆ, ಸ್ಕ್ರೂ ಬಿಚ್ಚಿದ್ರೆ ಕೆಲಸದ ಮೆಮೊರಿ, ಅಂದ್ರೆ ರ‍್ಯಾಮ್ ಸಿಗುತ್ತೆ. ಹಿಂಜ್ ಇವತ್ತಿಗೂ ಅಲ್ಲಾಡಲ್ಲ. ಹೊಸದರಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆ. 8 ಜಿಬಿ ಕೊಂಡ್ರೆ ಅದು ಸಾಯೋವರೆಗೂ 8 ಜಿಬಿ.

"ತೆಳ್ಳಗಿರಲಿ, ಹಗುರ ಇರಲಿ ಅಂತ ಕೇಳಿದ್ದು ನೀವೇ ತಾನೇ? ಬೆಸೆದ ರ‍್ಯಾಮ್ ಕರೆಂಟ್ ಕಮ್ಮಿ ತಿನ್ನುತ್ತೆ, ಸ್ಪೀಡೂ ಜಾಸ್ತಿ" ಅಂತಾನೆ ನಮ್ಮ ಐಟಿ ಗೆಳೆಯ. ಇರಲಿ, ಒಪ್ಪೋಣ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಹೊಡೆದ್ರೆ ಯಾವ ಸ್ಪೀಡ್ ಜಾಸ್ತಿ ಆಗುತ್ತಪ್ಪಾ? ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಿಂದ ತೆಳ್ಳಗಿನ ಲ್ಯಾಪ್‌ಟಾಪೇ ಮಾರ್ತಿದೆ. ಹಿಂಜ್, ಬ್ಯಾಟರಿ, ಕೀಬೋರ್ಡ್ ಎಲ್ಲ ಬಿಡಿಬಿಡಿಯಾಗಿ ಕೊಡ್ತಾರೆ, ಮನೇಲೇ ಹಾಕ್ಕೋಬಹುದು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' (ರಿಪೇರಿ ಮಾಡಿಸಿಕೊಳ್ಳೋ ಹಕ್ಕು) ಅನ್ನೋ ಪೋರ್ಟಲ್ ತೆರೆದಿದೆ. ಪೋರ್ಟಲ್ ಏನೋ ತೆರೆಯಿತು, ಸರ್ವಿಸ್ ಸೆಂಟರ್‌ನಲ್ಲಿ ಮಾತ್ರ ಹಿಂಜ್ ಒಂದನ್ನೇ ಹಾಕಿಕೊಡಲ್ಲ. ಸ್ಕ್ರೀನ್ ಸಮೇತ ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕಂತೆ, ಹೆಚ್ಚುಕಮ್ಮಿ ಹೊಸ ಲ್ಯಾಪ್‌ಟಾಪಿನ ಅರ್ಧ ದುಡ್ಡು. ನಾಳೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ ದೂರು ಕೊಡ್ತೀನಿ. ಆಮೇಲೆ ಸೀದಾ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್.ಪಿ. ರೋಡ್. ಅಲ್ಲಿನ ಹುಡುಗರು ನಟ್ ಕೂರಿಸಿ, ಅರಾಲ್ಡೈಟ್ ತುಂಬಿ, ರಾತ್ರಿಯೆಲ್ಲ ಒಣಗಿಸಿ ಕೊಡ್ತಾರೆ.

ಅಂದಹಾಗೆ, ಭಾವಮೈದ ನನ್ನ ಮಾತು ಕೇಳಿ ಇದೇ ಮಾಡೆಲ್ ತಗೊಂಡಿದ್ದಾನೆ. ಅವನ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ.

ಇದನ್ನ ಬರೀತಿರುವಾಗಲೇ ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್. "ಹತ್ತಕ್ಕೆ ಎಷ್ಟು ಕೊಡ್ತೀರಾ ಸರ್? ಕಮ್ಮಿ ಕೊಟ್ರೆ ಕೌಂಟರ್‌ನಲ್ಲಿದ್ದ ಹುಡುಗನಿಗೆ ತೊಂದ್ರೆ ಆಗುತ್ತೆ." ಅವನಿಗೆ ಹತ್ತು ಕೊಟ್ಟೆ, ಪಾಪ, ನೀರು ಕೊಟ್ಟು ಕೂರಿಸಿದ್ದ. ಹಿಂಜ್‌ಗೆಷ್ಟು ಅಂತ ಕೊನೆಗೂ ಕೇಳಲೇ ಇಲ್ಲ.